ಲಾಗ್ ಗೆರೆಯೂ ಜೋಳದ ಹಿಟ್ಟೂ

ಗಣಿತ ಕಲಿಸುವವರ ಬಾಳಿನಲ್ಲಿ ನಗೆಗೆ ಬರ ಬಂದದ್ದನ್ನು ನಾನಂತೂ ಕಂಡಿಲ್ಲ. ಸಿಟ್ಟಿನ ಮುಖ ಹೊತ್ತುಕೊಂಡೇ ವರ್ಗದೊಳಗೆ ಹೋಗುತ್ತೇನೆ, ಹೊರಗೆ ಬರುವಷ್ಟರಲ್ಲಿ ಆ ಮುಖ ಎಲ್ಲೋ ಬಿದ್ದು ಹೋಗಿರುತ್ತದೆ. ಹತ್ತೊಂಬತ್ತು ವರ್ಷದಿಂದ ಇದೇ ಕತೆ.

ನಾನಿರುವುದು ಮುಧೋಳದಲ್ಲಿ, ಕಲಿಸುವುದು ಬನಹಟ್ಟಿಯಲ್ಲಿ. ಕಬ್ಬಿನ ಹಂಗಾಮು ಶುರುವಾದರೆ ನಮ್ಮ ಬಸ್ಸು ಟ್ರ್ಯಾಕ್ಟರುಗಳ ಬಾಲ ಹಿಡಿದೇ ಬರುತ್ತದೆ, ನಾನು ಬಸ್ಸಿನಲ್ಲೇ ಪೇಪರು ತಿದ್ದಿ ಮುಗಿಸುತ್ತೇನೆ. ನಮ್ಮದು ಹೈಸ್ಕೂಲಿಗೆ ಕಾಲೇಜು ಅಂಟಿಸಿದ ಸಾಲೆ. ಹನ್ನೊಂದನೆಯ ವರ್ಗದವರಿಗೆ ಲಾಗರಿದಮ್ ಕಲಿಸುವುದು ನನ್ನ ಪಾಲಿಗೆ ಬಂದ ಕೆಲಸ.

ಹೋದ ವರ್ಷ ಪ್ರಿನ್ಸಿಪಾಲರು ನನ್ನನ್ನು ಕರೆದು ಕೂರಿಸಿದರು. ಕುರ್ಚಿ ತೋರಿಸಿ ಕೂರಿಸಿದರೆಂದರೆ ಏನೋ ಕಿತ್ತುಕೊಳ್ಳುವವರಿದ್ದಾರೆ ಎಂದೇ ಅರ್ಥ.

"ಮೇಡಂ, ನಿಮಗ ವಾರಕ್ಕ ಎರಡು ಪಿರಿಯಡ್ ಜಾಸ್ತಿ ಕೊಟ್ಟೇನಿ. ಪಿ.ಟಿ. ಮಾಸ್ತರು ಅವೆರಡೂ ಕಬಡ್ಡಿಗೆ ಬೇಕಂತ ಹಟ ಹಿಡದಾರ. ಅಲ್ರಿ, ಈ ಲಾಗ್ ಅನ್ನೂದು ನಮ್ಮೂರಾಗ ಯಾರಿಗೆ ಬೇಕಾಗೇತಿ?"

"ಸರ್, ಅವೆರಡು ಹೋದ್ರ ಪೋರ್ಶನ್ ಮುಗಿಯಂಗಿಲ್ರಿ. ಅರ್ಧ ವರ್ಗ ಫೇಲ್ ಆಗತೈತಿ."

"ಹಂಗಾರ ಒಂದು ಕೆಲಸ ಮಾಡ್ರಿ. ಗಣಿತ ಮೇಳ ಐತೆಲ್ಲ, ಅವತ್ತು ಪಾಲಕರು ಬರ್ತಾರ. ಲಾಗ್‌ದಿಂದ ಈ ಊರ ಮಂದಿಗೆ ಏನ್ ಉಪಯೋಗ ಅಂತ ತೋರಸ್ರಿ. ಮಂದಿ ಒಪ್ಪಿದ್ರ ಪಿರಿಯಡ್ ನಿಮ್ಮವು. ಇಲ್ಲಂದ್ರ ಕಬಡ್ಡಿ."

ಆಗಲಿ ಎಂದು ಬಂದೆ. ಪಿ.ಟಿ. ಮಾಸ್ತರು ಸ್ಟಾಫ್ ರೂಮಿನ ಬಾಗಿಲಲ್ಲೇ ನಿಂತಿದ್ದರು. ಅವರಿಗೆ ಬಾಯಿಗಿಂತ ಕೊರಳಲ್ಲಿ ತೂಗುವ ಸೀಟಿಯೇ ಹತ್ತಿರ. ನನ್ನ ಮುಖ ನೋಡಿ ಎರಡು ಸಲ ಊದಿದರು. ಎರಡು ಪಿರಿಯಡ್ ಎಂದು ಅದರ ಅರ್ಥ.

೧. ಒಂದೇ ಫರಕು

ಮೊದಲ ದಿನ ಹಲಗೆಯ ಮೇಲೆ ಬರೆದೆ: ಹತ್ತರ ಲಾಗ್ ಒಂದು, ನೂರರದ್ದು ಎರಡು, ಸಾವಿರದ್ದು ಮೂರು. ದೊಡ್ಡ ಸಂಖ್ಯೆಗಳನ್ನು ಕುಗ್ಗಿಸಿ ಒಂದೇ ಹಾಳೆಯ ಮೇಲೆ ಕೂರಿಸುವ ಉಪಾಯ ಇದು ಎಂದು ವಿವರಿಸಿದೆ. ಕಡೆಯ ಬೆಂಚಿನ ಹುಡುಗನೊಬ್ಬ, ಯಾವತ್ತೂ ಪೆನ್ನು ತೆಗೆಯದವನು, ಅದನ್ನೆಲ್ಲ ಬಹಳ ಶ್ರದ್ಧೆಯಿಂದ ಬರೆದುಕೊಂಡ. ನನಗೆ ಹಿಗ್ಗೋ ಹಿಗ್ಗು.

ಮರುದಿನ ಅವನ ಅಪ್ಪ ಬಂದರು. ಮನೆಯಲ್ಲೇ ಮಗ್ಗ ಇಟ್ಟವರು, ಅಂಗಿಯ ಮೇಲೆ ಇನ್ನೂ ನೂಲಿನ ಎಳೆಗಳಿದ್ದವು. ನಮಸ್ಕಾರ ಕೂಡ ಹೇಳಲಿಲ್ಲ.

"ಅಕ್ಕೋರ, ಪರೀಕ್ಷಾದಾಗ ಮೊದಲನೇ ನಂಬರ್ ಬಂದ ಹುಡುಗಿಗೂ ನಮ್ಮವ್ಗೂ ಒಂದ ಮಾರ್ಕಿನ ಫರಕ್ ಐತಂತ. ಒಂದ ಮಾರ್ಕಿಗೆ ಅಕಿಗೆ ಬಹುಮಾನ, ಇವ್ಗ ಕಡೀ ಬೆಂಚ? ಇದ್ಯಾವ ನ್ಯಾಯಾರಿ?"

ನಾನು ಮಾರ್ಕಿನ ಪಟ್ಟಿ ತೆಗೆದು ಮುಂದಿಟ್ಟೆ. ಹುಡುಗಿಗೆ ನೂರಕ್ಕೆ ನೂರು, ಇವರ ಮಗನಿಗೆ ಹತ್ತು. ಅಪ್ಪ ಪಟ್ಟಿಯನ್ನು ಹತ್ತಿರ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು, ಕೊನೆಗೆ ಮಗನನ್ನು ಕರೆಸಿದರು.

ಮಗನಿಗೆ ಒಂದಿಷ್ಟೂ ಅಳುಕಿಲ್ಲ. "ಅಪ್ಪಾ, ಅದು ಹಳೇ ಪದ್ಧತಿ. ಟೀಚರ್ ನಿನ್ನೆ ಹೊಸಾ ಪದ್ಧತಿ ಹೇಳಿಕೊಟ್ಟಾರ. ಅದರಾಗ ಅಕಿದು ಎರಡು, ನಂದು ಒಂದು."

ಅಪ್ಪ ನನ್ನ ಕಡೆ ನೋಡಿದರು. ಲೆಕ್ಕ ತಪ್ಪೆಂದು ಹೇಳುವ ಹಾಗಿರಲಿಲ್ಲ, ಯಾಕೆಂದರೆ ಅದು ತಪ್ಪಿರಲಿಲ್ಲ. ಅವರು ಮಗನ ಕಿವಿ ಹಿಡಿದು ಹೊರಗೆ ನಡೆಸಿದರು.

"ಮನಿಗೆ ನಡಿ ಮಗನ. ನೂರು ಕೊಡ್ತೇನಿ. ನಿನ್ನ ಹೊಸಾ ಪದ್ಧತ್ಯಾಗ ಎರಡ ಅಂತ ಎಣಿಸ್ಕೋ."

೨. ಸಪ್ಪಳ ಇಲ್ಲದ ಮನೆ

ಲಾಗ್‌ನ ಉಪಯೋಗ ತೋರಿಸಲು ಸಪ್ಪಳವೇ ಸರಿ ಎಂದು ನನಗೆ ಹೊಳೆಯಿತು. ಸಪ್ಪಳದ ಜೋರು ಹತ್ತು ಪಟ್ಟಾದರೆ ಡೆಸಿಬಲ್ ಹತ್ತೇ ಏರುತ್ತದೆ, ನೂರು ಪಟ್ಟಾದರೆ ಇಪ್ಪತ್ತು. ಅಳೆಯಲು ಮೊಬೈಲಿನಲ್ಲೇ ಆ್ಯಪ್ ಸಿಗುತ್ತದೆ. ಮನೆಯ ಸಪ್ಪಳ ಅಳೆದುಕೊಂಡು ಬನ್ನಿ ಎಂದು ಎಲ್ಲರನ್ನೂ ಕಳಿಸಿದೆ.

ಮರುದಿನ ನಲವತ್ತು ಮಂದಿ ನಲವತ್ತು ಚೀಟಿ ತಂದರು. ಎಲ್ಲದರಲ್ಲೂ ಹೆಚ್ಚುಕಡಿಮೆ ಅದೇ ಸಂಖ್ಯೆ.

"ಒಬ್ಬರದ ನೋಡಿ ಒಬ್ಬರು ಬರದೀರಿ ಹೌದಲ್ಲೊ?" ಎಂದು ಗದರಿದೆ.

"ಇಲ್ರಿ ಟೀಚರ್, ಆಣಿ ಮಾಡ್ತೇವಿ. ಎಲ್ಲಾರ ಮನ್ಯಾಗೂ ಪವರ್‌ಲೂಮ್ ಅದಾವ್ರಿ."

ಗ್ರಾಫಿನ ಮೇಲೆ ನಲವತ್ತೂ ಚುಕ್ಕಿ ಒಂದರ ಮೇಲೊಂದು ಬಿದ್ದವು. ಗೆರೆ ಎಳೆಯಲು ಬೇರೆ ಬೇರೆ ಚುಕ್ಕಿ ಬೇಕಲ್ಲ? ಒಂದಾದರೂ ಶಾಂತವಾದ ಮನೆಯ ಸಂಖ್ಯೆ ತನ್ನಿ ಎಂದೆ. ಹುಡುಗರು ಮುಖ ಮುಖ ನೋಡಿಕೊಂಡರು. ಕೊನೆಗೆ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಉಪಾಯ ಹೇಳಿದಳು: "ಕರೆಂಟ್ ಹೋದಾಗ ಅಳಿಯೂಣ್ರಿ. ಮಗ್ಗ ನಿಂತಿರ್ತಾವು."

ಎರಡು ದಿನ ಬಿಟ್ಟು ಅದೇ ಹುಡುಗಿ ಸಪ್ಪೆ ಮೋರೆ ಹಾಕಿಕೊಂಡು ಬಂದಳು. "ಕರೆಂಟ್ ಹೋತ್ರಿ ಟೀಚರ್. ಮಗ್ಗ ನಿಂತ್ವು. ನಾ ಮೊಬೈಲ್ ಹಿಡದ್ನಿ. ಅಷ್ಟರಾಗ ನಮ್ಮ ಆಯಿ 'ಕರೆಂಟ್ ಹೋತೇನಬೇ' ಅಂದ್ಲು. ನಂಬರ್ ಮೊದಲಿಗಿಂತ ಮ್ಯಾಲ ಹೋತ್ರಿ."

ನಾನು ನಂಬಲಿಲ್ಲ. ಸಂಜೆ ಅವಳ ಜೊತೆಗೇ ಮನೆಗೆ ಹೋದೆ. ಮಗ್ಗಗಳು ನಡೆದಿದ್ದವು. ಅವುಗಳ ನಡುವೆ ಅವಳ ಆಯಿ, ಅಂದರೆ ಅಜ್ಜಿ, ಆರಾಮವಾಗಿ ಕೂತು ಪಕ್ಕದ ಓಣಿಯವರ ಜೊತೆ ಮಾತಾಡುತ್ತಿದ್ದರು, ಕೂತಲ್ಲಿಂದಲೇ. ನಾನು ನನ್ನ ಪರಿಚಯ ಹೇಳಿಕೊಂಡೆ. ಅಜ್ಜಿ ನನ್ನನ್ನು ಕನಿಕರದಿಂದ ನೋಡಿದರು.

"ಯಾಕವ್ವಾ ತಂಗಿ, ದನಿ ಹೊಂಟಂಗಿಲ್ಲ? ಜ್ವರ ಬಂದಾವೇನು?"

ಇಲ್ಲ ಎಂದು ಹೇಳಿದ್ದು ಅವರಿಗೆ ಕೇಳಿಸಲಿಲ್ಲ. ದೊಡ್ಡ ಲೋಟದ ತುಂಬ ಶುಂಠಿ ಕಷಾಯ ಕುಡಿಸಿದರು. ಆಮೇಲೆ ಒಂದು ತಾಸು ನಾನೂ ಅವರ ಹಾಗೆಯೇ ಕೂಗಿ ಮಾತಾಡಿದೆ. ಡೆಸಿಬಲ್ ಎಂದರೇನೆಂದು ಅವರಿಗೂ ಹೇಳಿದೆ, ಪಕ್ಕದ ಓಣಿಗೂ ಹೇಳಿದ ಹಾಗಾಯಿತು.

ಬಸ್ಸು ಹಿಡಿದು ಮುಧೋಳಕ್ಕೆ ಬಂದು, ಚಪ್ಪಲಿ ಬಿಡುತ್ತ ಯಜಮಾನರಿಗೆ "ಒಂದು ಕಪ್ ಚಹಾ ಮಾಡ್ರಿ" ಅಂದೆ. ಪಕ್ಕದ ಮನೆಯವರು ಮಾಡಿಕೊಂಡು ಬಂದರು.

೩. ನಲವತ್ತು ದಿನದ ರೊಟ್ಟಿ

ಸಪ್ಪಳ ಕೈಕೊಟ್ಟಿತು. ಮೇಳಕ್ಕೆ ನಲವತ್ತು ದಿನ ಉಳಿದಿತ್ತು. ಪಿ.ಟಿ. ಮಾಸ್ತರು ಆಗಲೇ ಮೈದಾನದಲ್ಲಿ ಸುಣ್ಣದ ಗೆರೆ ಹಾಕಿಸುತ್ತಿದ್ದರು. ನನಗೆ ನಿಜವಾಗಿಯೂ ಹೆದರಿಕೆಯಾಯಿತು. ನಕ್ಕು ಆಡಿದರೂ ಆ ಮಕ್ಕಳು ನನ್ನ ಮಕ್ಕಳೇ, ಪರೀಕ್ಷೆಯಲ್ಲಿ ಅವರು ಮುಗ್ಗರಿಸಿದರೆ ನನ್ನ ಊಟ ರುಚಿಸುವುದಿಲ್ಲ.

ಉಪಾಯ ಹೊಳೆದದ್ದು ಒಲೆಯ ಮುಂದೆ. ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದೆ. ನಾನು ಕಲಿತದ್ದು ನೆನಪಾಯಿತು. ಮೊದಲ ಹತ್ತು ದಿನದಲ್ಲಿ ಅಂಗೈಯಷ್ಟಿದ್ದದ್ದು ತಾಟಿನಷ್ಟಾಯಿತು. ಅಲ್ಲಿಂದ ಮುಂದೆ ಅತ್ತೆಯವರ ಬಾಯಲ್ಲಿ "ಅಡ್ಡಿಯಿಲ್ಲ" ಅನ್ನಿಸಿಕೊಳ್ಳಲು ಎರಡು ವರ್ಷ ಬೇಕಾಯಿತು. ಮೊದಲು ಸರಸರ ಏರಿ, ಆಮೇಲೆ ಏರಿದೆಯೋ ಇಲ್ಲವೋ ಎಂಬಷ್ಟು ನಿಧಾನ. ಲಾಗ್ ಗೆರೆ ಇರುವುದೇ ಹಾಗೆ. ಕೈಯಲ್ಲಿದ್ದ ಹಿಟ್ಟು ಅಲ್ಲೇ ಬಿಟ್ಟು ಲೆಕ್ಕ ಬರೆಯಲು ಕೂತೆ, ಹಂಚಿನ ಮೇಲಿನ ರೊಟ್ಟಿ ಕರಕಲಾಯಿತು.

ವರ್ಗದಲ್ಲಿ ಘೋಷಿಸಿದೆ: ಹುಡುಗರೆಲ್ಲ ಇವತ್ತಿನಿಂದ ದಿನಾ ಮನೆಯಲ್ಲಿ ಜೋಳದ ರೊಟ್ಟಿ ಬಡಿಯಬೇಕು. ಹರಿಯದೆ ಹಂಚಿಗೆ ಹೋದ ರೊಟ್ಟಿಯ ಅಗಲವನ್ನು ಫೂಟುಪಟ್ಟಿಯಿಂದ ಅಳೆದು ಬರೆಯಬೇಕು. ಹುಡುಗಿಯರನ್ನು ಬಿಟ್ಟದ್ದು ಯಾಕೆಂದರೆ ಆಗಲೇ ರೊಟ್ಟಿ ಬಡಿಯಲು ಬರುವವರ ಗೆರೆ ಅಡ್ಡಡ್ಡ ಮಲಗಿಬಿಡುತ್ತದೆ. ಇಬ್ಬರು ಹುಡುಗಿಯರು ಎದ್ದು ನಿಂತು "ನಮಗೂ ಬರಂಗಿಲ್ರಿ" ಎಂದು ಹೆಮ್ಮೆಯಿಂದ ಹೇಳಿದರು. ಅವರನ್ನೂ ಸೇರಿಸಿದೆ.

ಮೊದಲ ದಿನದ ಸರಾಸರಿ ನಾಲ್ಕು ಇಂಚು. ಒಬ್ಬ ತಾಯಿ ಫೋನ್ ಮಾಡಿದರು: "ಅಕ್ಕೋರ, ಹಿಟ್ಟಿನ ಡಬ್ಬಿ ಖಾಲಿ ಆತ್ರಿ. ರೊಟ್ಟಿ ಕಾಣವಲ್ದು. ಗ್ವಾಡಿ ಅಷ್ಟ ಬೆಳ್ಳಗಾಗೇತಿ."

ನಾಲ್ಕನೆಯ ದಿನ ಕಡೆಯ ಬೆಂಚಿನವನು, ಅದೇ ಹತ್ತು ಮಾರ್ಕಿನವನು, ಇಡೀ ಪಟ್ಟಿ ತಂದು ಮೇಜಿನ ಮೇಲಿಟ್ಟ. ನೋಡಿದರೆ ನಲವತ್ತೂ ದಿನದ ಅಳತೆ ಅದರಲ್ಲಿದೆ.

"ಏನಲೇ ಇದು? ಇನ್ನ ನಾಕ ದಿನ ಆಗೇತಿ."

"ಟೀಚರ್, ಮಾಡೆಲ್ ಅಂದ್ರ ಮುಂದ ಆಗೂದನ್ನ ಈಗ ಹೇಳೂದು ಅಂದ್ರಿ. ಮೂರು ದಿನದ್ದು ಅಳದು ಸೂತ್ರ ಮಾಡೇನಿ, ಉಳದದ್ದು ಸೂತ್ರದಾಗ ಹಾಕೇನಿ. ಇನ್ನ ರೊಟ್ಟಿ ಯಾಕ ಬಡೀಬೇಕ್ರಿ?"

ತಿದ್ದಲು ಕೆಂಪು ಪೆನ್ನು ತೆಗೆದೆ. ಒಂದೂ ತಪ್ಪಿಲ್ಲ. ರೊಟ್ಟಿ ಬಡಿಯುವುದನ್ನು ತಪ್ಪಿಸಿಕೊಳ್ಳಲು ಆ ಹುಡುಗ ಮೂವತ್ತೇಳು ಲಾಗ್‌ಗಳನ್ನು ಎರಡನೆಯ ದಶಾಂಶದವರೆಗೆ ಸರಿಯಾಗಿ ಮಾಡಿದ್ದ. ಹತ್ತೊಂಬತ್ತು ವರ್ಷದಲ್ಲಿ ನನ್ನ ಪಾಠ ಇಷ್ಟು ಚೆನ್ನಾಗಿ ಯಾರಿಗೂ ಹತ್ತಿರಲಿಲ್ಲ. ಬೈಯಲೋ ತಬ್ಬಿಕೊಳ್ಳಲೋ ತಿಳಿಯಲಿಲ್ಲ.

"ಸೂತ್ರ ಖರೆ ಐತೋ ಸುಳ್ಳೋ ಅಂತ ನೋಡಾಕರೆ ರೊಟ್ಟಿ ಬಡೀಬೇಕಲೇ. ನಡಿ," ಅಂದೆ. ಆದರೆ ಲೆಕ್ಕಕ್ಕೆ ಹತ್ತಕ್ಕೆ ಹತ್ತು ಕೊಟ್ಟೆ.

ಅವನು ಬಾಗಿಲ ತನಕ ಹೋಗಿ ತಿರುಗಿ ಬಂದ. "ಟೀಚರ್, ಇದಕ್ಕ ಲಾಗ್ ಹಾಕಬ್ಯಾಡ್ರಿ. ಇದು ಹಂಗ ಇರ್ಲಿ."

೪. ಮೊಲ ಕುಂತು ಎದ್ದು ಹೋತು

ಮೂರನೆಯ ವಾರ ತೇರದಾಳ ರಸ್ತೆಯ ತೋಟದಿಂದ ಒಬ್ಬರು ನಾಯಿ ಹಿಡಿದುಕೊಂಡು ಸಾಲೆಗೇ ಬಂದರು. ನಮ್ಮ ವರ್ಗದ ಒಬ್ಬ ಹುಡುಗನ ಕಾಕಾ ಅವರು.

"ಅಕ್ಕೋರ, ಇದ್ಯಾವ ನಾಯಿ ಹೇಳ್ರಿ ನೋಡೂಣು."

ನೋಡಿದೆ. ಗುಂಡಗೆ, ತುಂಬಿಕೊಂಡಿತ್ತು. ನಡೆದು ಬಂದದ್ದಕ್ಕೇ ಏದುಸಿರು ಬಿಡುತ್ತಿತ್ತು. "ಗೊತ್ತಾಗವಲ್ದ್ರಿ," ಅಂದೆ.

"ಮುಧೋಳದಾಗ ಇರ್ತೀರಿ. ಮುಧೋಳ ನಾಯಿ ಗುರ್ತ ಸಿಗವಲ್ದು ನಿಮಗ!"

ನಾನು ಬೆಚ್ಚಿಬಿದ್ದೆ. ಮುಧೋಳ ನಾಯಿ ಎಂದರೆ ಮುಷ್ಟಿಯಲ್ಲಿ ಹಿಡಿಯುವಂಥ ನಡು, ಓಡಿದರೆ ಧೂಳಷ್ಟೇ ಕಾಣಬೇಕು. ಆಮೇಲೆ ಸಂಗತಿ ಹೊರಬಿತ್ತು. ಹುಡುಗ ಹರಿದ ರೊಟ್ಟಿಗಳನ್ನೆಲ್ಲ ಅವ್ವನ ಕಣ್ಣಿಗೆ ಬೀಳದಂತೆ ನಾಯಿಗೆ ಹಾಕಿದ್ದ. ಹರಿಯದ ಒಂದು ರೊಟ್ಟಿ ಆಗಬೇಕಾದರೆ ಹರಿದವು ಎಂಟು ಹತ್ತು.

"ನಿನ್ನೆ ಒಂದು ಮೊಲ ಬಂತ್ರಿ," ಕಾಕಾ ಹೇಳಿದರು, ಅಳುವುದೊಂದೇ ಬಾಕಿ. "ಇದರ ಮುಂದ ಕುಂತು, ಎದ್ದು ಹೋತು. ಇದು ನೋಡಿ ಆಕಳಿಸ್ತು."

ಹುಡುಗನನ್ನು ಕರೆಸಿದೆ. ಅವನು ನೋಟುಬುಕ್ಕು ಹಿಡಿದೇ ಬಂದ. ದಿನಾ ನಾಯಿಯ ತೂಕವನ್ನೂ ಬರೆದಿಟ್ಟಿದ್ದ. "ಟೀಚರ್, ನಾಯಿದು ಲಾಗ್ ಅಲ್ರಿ. ನೆಟ್ಟಗ ಗೆರಿ. ಎಲ್ಲೂ ನಿಧಾನ ಆಗಿಲ್ಲ."

ಕಾಕಾನ ಸಿಟ್ಟು ಇಳಿಸಲು ಪಿ.ಟಿ. ಮಾಸ್ತರು ತಾವಾಗಿಯೇ ಮುಂದೆ ಬಂದರು. ಒಂದು ವಾರ ಮೈದಾನದಲ್ಲಿ ಓಡಿಸಿ ಮೊದಲಿನಂತೆ ಮಾಡಿ ಕೊಡುತ್ತೇನೆ, ನನ್ನ ಸೀಟಿಗೆ ಓಡದ ಪ್ರಾಣಿ ಇನ್ನೂ ಹುಟ್ಟಿಲ್ಲ ಎಂದರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಮೊದಲ ದಿನ ಇಬ್ಬರೂ ಓಡಿದರು. ಎರಡನೆಯ ದಿನ ನಾಯಿ ಬೇವಿನ ನೆರಳಲ್ಲಿ ಕೂತಿತ್ತು, ಮಾಸ್ತರೊಬ್ಬರೇ ಓಡುತ್ತಿದ್ದರು.

೫. ಮೇಳ

ಮೇಳದ ದಿನ ಗೋಡೆಯ ತುಂಬ ನಮ್ಮ ಗ್ರಾಫು. ಅಡ್ಡಕ್ಕೆ ದಿನಗಳು, ಉದ್ದಕ್ಕೆ ಇಂಚುಗಳು. ನಲವತ್ತು ದಿನದ ಚುಕ್ಕಿಗಳು ಲಾಗ್ ಗೆರೆಗೆ ಒತ್ತಿಕೊಂಡೇ ಕೂತಿದ್ದವು. ಮುಂದೆ ಒಲೆ ಹೂಡಿ ಹುಡುಗರು ಪಟಪಟ ರೊಟ್ಟಿ ಬಡಿಯುತ್ತಿದ್ದರು. ಪಾಲಕರು ಕಿಕ್ಕಿರಿದು ನಿಂತಿದ್ದರು. ಪ್ರಿನ್ಸಿಪಾಲರು ಕೈಕಟ್ಟಿ ನಿಂತರು, ಪಿ.ಟಿ. ಮಾಸ್ತರು ಸೀಟಿಯನ್ನು ತುಟಿಗೆ ಇಟ್ಟುಕೊಂಡೇ ನಿಂತರು.

ನಾನು ವಿವರಿಸಿದೆ. ಮೊದಲ ದಿನ ನಾಲ್ಕು ಇಂಚು, ಹತ್ತನೆಯ ದಿನಕ್ಕೆ ಎಂಟು, ಇನ್ನೂ ನಾಲ್ಕು ಇಂಚು ಏರಬೇಕಾದರೆ ನೂರನೆಯ ದಿನ ಬರಬೇಕು. ಸೂತ್ರ ಬರೆದೆ, ಕೋಲಿನಿಂದ ಗೆರೆ ತೋರಿಸಿದೆ. ಹೇಳಿ ಮುಗಿಸಿದೆ. ಯಾರೋ ಕೆಮ್ಮಿದರು. ಪ್ರಿನ್ಸಿಪಾಲರು ಗಡಿಯಾರ ನೋಡಿಕೊಂಡರು. ಹೋಯಿತು, ನನ್ನ ಪಿರಿಯಡ್ ಎರಡೂ ಹೋದವು ಎಂದುಕೊಂಡೆ.

ಆಗ ಹಿಂದಿನಿಂದ ಒಬ್ಬ ಹೆಂಗಸು ಮಂದಿಯನ್ನು ಸರಿಸಿಕೊಂಡು ಮುಂದೆ ಬಂದರು. ಕಡೆಯ ಬೆಂಚಿನವನ ಅವ್ವ.

"ಅಕ್ಕೋರ, ಇನ್ನೊಂದ ಸಲ ಹೇಳ್ರಿ. ಹತ್ತ ದಿನದಾಗ ಗಂಡಸಿಗೆ ಎಂಟು ಇಂಚಿನ ರೊಟ್ಟಿ ಬರತೈತಿ?"

"ಬರತೈತ್ರಿ."

"ಎಂಥಾ ಗಂಡಸಿಗೂ?"

ನಾನು ಒಲೆಯ ಮುಂದಿದ್ದ ಅವರ ಮಗನನ್ನು ತೋರಿಸಿದೆ. "ಇವ್ಗ ಬಂದೈತೆಲ್ರಿ."

ಆಕೆ ನಿಧಾನವಾಗಿ ಗಂಡನ ಕಡೆ ತಿರುಗಿದರು. "ಇಪ್ಪತ್ತೆರಡು ವರ್ಷ ಆತು, 'ನನಗ ಕೈ ತಿರುಗಂಗಿಲ್ಲ, ಗಂಡಸರಿಗೆ ಅದು ಬರೂದಲ್ಲ' ಅಂತ ಹೇಳಿಕೋತ ಬಂದಿ. ಹತ್ತ ದಿನದ ಕೆಲಸಂತ ನೋಡು. ಗೆರಿ ಹೊಡದ ತೋರಸ್ಯಾರ."

"ಅದು ಹುಡುಗರ ಲೆಕ್ಕಲೇ," ಗಂಡ ತಡವರಿಸಿದರು. "ನಮ್ಮ ವಯಸ್ಸಿಗೆ ಹತ್ತಂಗಿಲ್ಲ."

"ಹತ್ತತೈತೋ ಇಲ್ಲೋ, ನಾಳೆಯಿಂದ ನಾನ ಫೂಟುಪಟ್ಟಿ ಹಿಡೀತೇನಿ."

ಅಷ್ಟೇ ಬೇಕಾಗಿತ್ತು. ಹೆಂಗಸರೆಲ್ಲ ಗ್ರಾಫಿಗೆ ಮುಗಿಬಿದ್ದರು. ಮೊಬೈಲುಗಳು ಮೇಲೆದ್ದವು. "ಹತ್ತನೇ ದಿನ ಎಲ್ಲೈತ್ರಿ?" "ಎಂಟು ಇಂಚ ಅಂದ್ರ ಇಷ್ಟ ಹೌದಿಲ್ಲೋ?" ಗಂಡಸರು ಒಬ್ಬೊಬ್ಬರಾಗಿ ಚಪ್ಪಲಿ ಹುಡುಕತೊಡಗಿದರು. ನಾಲ್ಕೈದು ಮಂದಿ ಪ್ರಿನ್ಸಿಪಾಲರನ್ನು ಮೂಲೆಗೆ ಎಳೆದುಕೊಂಡು ಹೋದರು.

"ಸರ್, ಈ ಲಾಗ್ ಬಂದ್ ಮಾಡ್ರಿ. ಕಬಡ್ಡಿ ಆಡಸ್ರಿ. ಹುಡುಗರು ಗಟ್ಟಿ ಆಗ್ಲಿ."

ಇದು ಆ ಕಡೆಗೆ ಕೇಳಿಸಿತು. "ಯಾಂವ ಅಂವ ಬಂದ್ ಮಾಡಾಂವ?" ಎಂದು ಇಪ್ಪತ್ತು ದನಿಗಳು ಒಮ್ಮೆಲೇ ಎದ್ದವು. ಮಗ್ಗದ ಊರಿನ ಹೆಂಗಸರ ದನಿ. "ಆ ಎರಡು ಪಿರಿಯಡ್ ಮುಟ್ಟಿ ನೋಡ್ರಿ! ಆಗೂದಾದ್ರ ಇನ್ನೆರಡು ಕೊಡ್ರಿ!"

ಪ್ರಿನ್ಸಿಪಾಲರು ಎರಡೂ ಕೈ ಎತ್ತಿದರು. ಗಂಡಸರನ್ನು ನೋಡಿದರು, ಹೆಂಗಸರನ್ನು ನೋಡಿದರು. "ಇದನ್ನ ಕಮಿಟಿಯೊಳಗ ವಿಚಾರ ಮಾಡಿ..." ಎಂದು ಶುರು ಮಾಡಿದರು. ಅಷ್ಟರಲ್ಲಿ ಅವರ ಹೆಂಡತಿ ಬಾಗಿಲ ಹತ್ತಿರದಿಂದ ಎದ್ದು ಬಂದರು. ಬಹಳ ಮೆತ್ತಗೆ ಮಾತಾಡುವವರು, ಬಂದದ್ದೇ ಯಾರಿಗೂ ತಿಳಿದಿರಲಿಲ್ಲ. ಗ್ರಾಫಿನ ಒಂದು ಪ್ರತಿಯನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡರು.

"ಪಿರಿಯಡ್ ಅಲ್ಲೇ ಇರ್ಲಿ," ಎಂದರು.

"ಪಿರಿಯಡ್ ಮೇಡಂ ಅವರವು," ಎಂದರು ಪ್ರಿನ್ಸಿಪಾಲರು.

ನಾನು ಒಲೆಯ ಹೊಗೆಯ ನೆಪ ಮಾಡಿಕೊಂಡು ಕಣ್ಣೊರೆಸಿಕೊಂಡೆ. ಆ ವರ್ಷ ಪೋರ್ಶನ್ ಮುಗಿಯಿತು. ಕಡೆಯ ಬೆಂಚಿನವನು ಪಾಸಾದ.

ಮೇಳವಾಗಿ ಹತ್ತು ದಿನಕ್ಕೆ ಪ್ರಿನ್ಸಿಪಾಲರು ನನ್ನನ್ನು ಮತ್ತೆ ಕರೆದರು. ಬಾಗಿಲು ಮುಂದೆ ಮಾಡಿದರು. ಕುರ್ಚಿ ತೋರಿಸಿದರು. ಅವರ ಕಿವಿಯ ಹಿಂದೆ ಜೋಳದ ಹಿಟ್ಟು ಒಣಗಿತ್ತು. ಡ್ರಾಯರಿನಿಂದ ಸುರುಳಿ ತೆಗೆದು ಮೇಜಿನ ಮೇಲೆ ಬಿಡಿಸಿದರು. ಅದೇ ಗ್ರಾಫು, ಅದರ ಮೇಲೆ ಹೆಂಡತಿ ಕೈಯಾರೆ ಇಟ್ಟ ಒಂಬತ್ತು ಹೊಸ ಚುಕ್ಕಿಗಳು.

"ಇವತ್ತಿಗೆ ಒಂಬತ್ತು ದಿನ ಆತು ಮೇಡಂ. ಏಳೂಮುಕ್ಕಾಲು ಇಂಚು."

"ಗೆರಿ ಮ್ಯಾಲೇ ಅದೀರಿ ಸರ್. ಛಲೋ ಆಗೇತಿ."

"ಅದಲ್ಲ ನಾ ಕೇಳೂದು." ಅವರು ದನಿ ತಗ್ಗಿಸಿ, ಹಾಳೆಯ ಬಲ ಅಂಚಿನ ಮೇಲೆ ಬೆರಳಿಟ್ಟರು. "ಇಲ್ಲಿ ಕಾಗದ ಮುಗಿದೈತಿ. ಮುಂದ ಈ ಗೆರಿ ಎಲ್ಲಿ ನಿಂದರತೈತಿ? ಇಷ್ಟಾತು, ಇನ್ನ ಸಾಕು ಅಂತ ಒಂದು ದಿನ ಇರಬೇಕಲ್ರಿ?"

ಸುಳ್ಳು ಹೇಳಬಹುದಿತ್ತು. ಆದರೆ ನಾನು ಗಣಿತದಾಕೆ.

"ಲಾಗ್ ಎಲ್ಲೂ ನಿಂದರಂಗಿಲ್ಲ ಸರ್. ನಿಧಾನ ಆಗತೈತಿ, ಆದ್ರ ಏರಿಕೋತನ ಹೋಗತೈತಿ. ಅದಕ್ಕ ಕೊನಿ ಇಲ್ಲ."

ಪ್ರಿನ್ಸಿಪಾಲರು ಕಿಟಕಿಯಾಚೆಯ ಮೈದಾನವನ್ನು ನೋಡಿದರು.

"ಕಬಡ್ಡಿ ಆಗಿದ್ರ," ಎಂದರು, "ನಲವತ್ತು ನಿಮಿಷಕ್ಕ ಮುಗೀತಿತ್ತಲ್ರಿ ಮೇಡಂ."